ಯೇನಾಕ್ಕೆ ಬರುವ ಮುನ್ನ, ‘ನಾವೂ ಆರ್ಯರೇ’ ಎಂಬ ಮಾತಿನ ಬಗ್ಗೆ

ಅಕ್ಟೋಬರಿನಲ್ಲಿ ಫೋಟಾನಿಕ್ಸ್ ಓದಲು ಹುಬ್ಬಳ್ಳಿಯಿಂದ ಜರ್ಮನಿಯ ಯೇನಾಕ್ಕೆ ಬರುತ್ತಿರುವುದಾಗಿ ತಿಳಿಸಿ ಎರಡು ಪ್ರಶ್ನೆ ಕೇಳಿದ್ದೀರಿ. ಪೂರ್ವ ಜರ್ಮನಿಯಲ್ಲಿ ಜನಾಂಗದ್ವೇಷ ಹೆಚ್ಚು ಎನ್ನುತ್ತಾರಲ್ಲ, ನಿಜವೇ ಎಂಬುದು ಒಂದು. ‘ಜರ್ಮನರೂ ಆರ್ಯರು, ನಾವೂ ಆರ್ಯರು, ಹಾಗೆಂದು ಹೇಳಿಕೊಂಡರೆ ಬೇರೆ ಕಪ್ಪು ಜನರನ್ನು ಕಂಡಂತೆ ನಮ್ಮನ್ನು ಕಾಣುವುದಿಲ್ಲ’ ಎಂದು ನಿಮ್ಮ ಸೋದರಮಾವ ಹೇಳಿದ್ದು ಸರಿಯೇ ಎಂಬುದು ಇನ್ನೊಂದು. ನಾನು ಹದಿನೇಳು ವರ್ಷಗಳಿಂದ ಈ ಊರಿನಲ್ಲಿದ್ದೇನೆ. ಮೊದಲನೆಯದಕ್ಕೆ ಚುಟುಕಾಗಿಯೂ ಎರಡನೆಯದಕ್ಕೆ ವಿವರವಾಗಿಯೂ ಉತ್ತರಿಸುತ್ತೇನೆ, ಏಕೆಂದರೆ ಆ ಮಾತನ್ನು ನಾನೇ ಒಮ್ಮೆ ಆಡಿ ಪೆಚ್ಚಾಗಿದ್ದೇನೆ.

ದ್ವೇಷ ಇದೆ. ಯೇನಾ ಇರುವ ಥ್ಯುರಿಂಗಿಯಾ ರಾಜ್ಯದ 2024ರ ಚುನಾವಣೆಯಲ್ಲಿ ವಲಸೆ ವಿರೋಧಿ ಎಎಫ್‌ಡಿ ಪಕ್ಷ ಶೇ. 32.8 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. 2000ದಿಂದ 2007ರ ನಡುವೆ ಹತ್ತು ಜನರನ್ನು ಕೊಂದ ನವನಾಜಿ ಗುಂಪಿನ ಮೂವರೂ ಇದೇ ಊರಿನಲ್ಲಿ ಬೆಳೆದವರು. ಅವರ ಮೊದಲ ಬಲಿಯಾದ ಹೂವಿನ ವ್ಯಾಪಾರಿ ಎನ್ವರ್ ಶಿಮ್ಶೆಕ್ ಅವರ ಹೆಸರನ್ನು 2020ರಲ್ಲಿ ಇಲ್ಲಿನ ಒಂದು ಚೌಕಕ್ಕೆ ಇಡಲಾಯಿತು. ಇಷ್ಟಾದರೂ ಇದು ವಿದ್ಯಾರ್ಥಿಗಳ ಊರು, ದಿನನಿತ್ಯ ಹೆದರಿಕೊಂಡು ಓಡಾಡುವ ಸ್ಥಿತಿ ಇಲ್ಲ. ನನಗೆ ಟ್ರಾಮಿನಲ್ಲಿ ಎರಡು ಬಾರಿ ಬೈಗುಳ ಸಿಕ್ಕಿದೆ, ಫೋನಿನಲ್ಲಿ ಖಾಲಿ ಇದ್ದ ಮನೆ ಮುಖ ಕಂಡೊಡನೆ ಭರ್ತಿಯಾದದ್ದು ಮೂರು ಬಾರಿ. ಬೆಂಗಳೂರಿನಲ್ಲಿ ‘ನೀವು ಯಾವ ಪೈಕಿ?’ ಎಂದು ಕೇಳಿ ಬಾಗಿಲು ಹಾಕಿಕೊಳ್ಳುವವರನ್ನು ಕಂಡಿದ್ದ ನನಗೆ ಅದು ತೀರಾ ಹೊಸದೇನೂ ಆಗಿರಲಿಲ್ಲ.

ಇನ್ನು ಆರ್ಯರ ವಿಷಯ. ಬಂದ ಎರಡನೆಯ ವರ್ಷ, ಹಾಸ್ಟೆಲಿನ ಅಡುಗೆಮನೆಯಲ್ಲಿ ಚಿತ್ರಾನ್ನಕ್ಕೆ ಈರುಳ್ಳಿ ಹೆಚ್ಚುತ್ತಾ, ಪಕ್ಕದ ಕೋಣೆಯ ಜರ್ಮನ್ ಹುಡುಗನನ್ನು ಮೆಚ್ಚಿಸುವ ಉಮೇದಿನಲ್ಲಿ ನಾನೂ ಇದನ್ನೇ ಹೇಳಿದೆ. ಇತಿಹಾಸ ಓದುತ್ತಿದ್ದ ಅವನು ಮಾತಾಡದೆ ತನ್ನ ಒಲೆ ಆರಿಸಿ, ‘ಈ ಊರಿನಲ್ಲಿ ಹಾಗೆ ಹೇಳುತ್ತಿದ್ದವರು ಯಾರು ಗೊತ್ತೇ?’ ಎಂದು ಕೇಳಿದ. 1930ರಲ್ಲಿ ಯೇನಾ ವಿಶ್ವವಿದ್ಯಾಲಯದಲ್ಲಿ, ನಾಜಿ ಪಕ್ಷದ ಸಚಿವನೊಬ್ಬನ ಒತ್ತಾಯದಿಂದ, ಹಾನ್ಸ್ ಗ್ಯುಂಥರ್ ಎಂಬ ಜನಾಂಗವಾದಿಗೆಂದೇ ಒಂದು ಪೀಠ ಹುಟ್ಟಿತ್ತು. ತಲೆಬುರುಡೆ, ಮೂಗು, ಕೂದಲ ಬಣ್ಣ ನೋಡಿ ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸುವುದು ಅವನ ವಿದ್ಯೆಯಾಗಿತ್ತು. ಮುಂದಿನ ಭಾನುವಾರ ಆ ಹುಡುಗ ನನ್ನನ್ನು ಸುಮಾರು 25 ಕಿ.ಮೀ. ದೂರದ ಬುಕನ್‌ವಾಲ್ಡ್‌ಗೆ ಕರೆದೊಯ್ದ. ನಾಜಿಗಳ ಆ ಬಂಧನ ಶಿಬಿರದಲ್ಲಿ 1937ರಿಂದ 1945ರವರೆಗೆ ಸುಮಾರು 56,000 ಜನ ಸತ್ತರು. ನಾನು ನೆಂಟಸ್ತನ ಹೇಳಿಕೊಂಡೆನೆಂದು ಭಾವಿಸಿದ್ದೆ. ಅವನ ಕಿವಿಗೆ ಬಿದ್ದದ್ದು ಆ ವಿಂಗಡಣೆಯಲ್ಲಿ ನನಗೂ ಒಂದು ಒಳ್ಳೆಯ ಜಾಗ ಕೊಡಿ ಎಂಬ ಬೇಡಿಕೆ.

ಆ ನೆಂಟಸ್ತನ ವಾಸ್ತವವಾಗಿಯೂ ನಿಲ್ಲುವುದಿಲ್ಲ. ಸಂಸ್ಕೃತವೂ ಜರ್ಮನ್ ಭಾಷೆಯೂ ಒಂದೇ ಕುಟುಂಬಕ್ಕೆ ಸೇರಿದವು ಎಂಬುದು ನಿಜ, ಆದರೆ ಭಾಷೆಯ ಲೆಕ್ಕ ಹಿಡಿದರೆ ಕನ್ನಡಿಗನಿಗೆ ಆ ಪಂಕ್ತಿಯಲ್ಲಿ ಎಲೆಯನ್ನೇ ಹಾಕಿಲ್ಲ. ವಂಶವಾಹಿಗಳ ಲೆಕ್ಕವಾದರೆ, ಯುರೇಷ್ಯಾದ ಹುಲ್ಲುಗಾವಲಿನ ಪಶುಪಾಲಕರು ಸುಮಾರು 5,000 ವರ್ಷಗಳ ಹಿಂದೆ ಯುರೋಪಿನತ್ತಲೂ, ಅವರ ಸಂತತಿಯವರು ಸುಮಾರು ಸಾವಿರ ವರ್ಷಗಳ ನಂತರ ಭಾರತದತ್ತಲೂ ಬಂದದ್ದು ಹೌದು. ಎರಡೂ ಕಡೆ ಅವರು ಅದಾಗಲೇ ಇದ್ದ ಜನರೊಂದಿಗೆ ಬೆರೆತುಹೋದರು. ಜರ್ಮನರಲ್ಲಿ ಅನಟೋಲಿಯಾದ ಬೇಸಾಯಗಾರರೂ ಹಳೆಯ ಬೇಟೆಗಾರರೂ ಇದ್ದಾರೆ, ನಮ್ಮಲ್ಲಿ ಸಿಂಧೂ ಕಣಿವೆಯವರೂ ಅದಕ್ಕಿಂತ ಹಳೆಯ ಅರಣ್ಯವಾಸಿಗಳೂ ಇದ್ದಾರೆ.

ಇದಕ್ಕೂ ಹಿಂದಿನ ಕಥೆಯನ್ನು ನೋಡಬೇಕಾದರೆ ಯೇನಾದಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ಸಿಗುವ ರಾನಿಸ್‌ಗೆ ಹೋಗಬೇಕು. ಅಲ್ಲಿನ ಕೋಟೆಯ ಕೆಳಗೊಂದು ಗುಹೆಯಿದೆ. 1930ರ ದಶಕದಲ್ಲಿಯೂ, ಮತ್ತೆ 2016ರಿಂದ 2022ರವರೆಗೂ ಅದನ್ನು ಅಗೆದಾಗ ಸಿಕ್ಕ ಮೂಳೆ ಚೂರುಗಳು ಎಷ್ಟು ಚಿಕ್ಕವೆಂದರೆ, ಅವು ಮನುಷ್ಯರವೆಂದು ತಿಳಿದದ್ದೇ ಪ್ರೋಟೀನ್ ಮತ್ತು ಡಿಎನ್‌ಎ ಪರೀಕ್ಷೆಯಿಂದ. ಸುಮಾರು 45,000 ವರ್ಷಗಳ ಹಿಂದಿನ, ಕನಿಷ್ಠ ಆರು ಜನರ ಮೂಳೆಗಳವು. ಅವರಲ್ಲಿ ಒಬ್ಬ ತಾಯಿ ಮತ್ತು ಅವಳ ಮಗಳೂ ಇದ್ದರು. ಆಫ್ರಿಕಾದಿಂದ ಹೊರಬಂದವರ ಸಂತತಿಯಾದ ಅವರದು ಕಪ್ಪು ಚರ್ಮ, ಕಂದು ಕಣ್ಣು ಎಂಬುದು 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಸೂಚನೆ. ಅವರ ಸಂತತಿ ಇಂದು ಎಲ್ಲಿಯೂ ಉಳಿದಿಲ್ಲ. ‘ಈ ನೆಲ ಮೂಲತಃ ನಮ್ಮದು’ ಎಂದು ಇಲ್ಲಿ ಮೆರವಣಿಗೆ ಹೊರಡುವವರಿಗೂ ಅವರಿಗೂ ನೇರ ಸಂಬಂಧವಿಲ್ಲ, ನಿಮಗೂ ಇಲ್ಲ. ಆದರೆ ಅವರ ಪೂರ್ವಿಕರು ನಿಯಾಂಡರ್ತಲ್ ಮಾನವರೊಂದಿಗೆ ಬೆರೆತಾಗ ಬಂದ ಅದೇ ಪಾಲು, ಸುಮಾರು ಶೇ. 2ರಷ್ಟು, ನಿಮ್ಮ ಮೈಯಲ್ಲೂ ಆ ಮೆರವಣಿಗೆಯವರ ಮೈಯಲ್ಲೂ ಇದೆ.

ಈ ಊರಿಗೆ ಇದರ ಪರಿವೆ ಇಲ್ಲವೆಂದಲ್ಲ. ‘ಇಕಾಲಜಿ’ ಪದವನ್ನು ಟಂಕಿಸಿದ ಅರ್ನ್ಸ್ಟ್ ಹೆಕೆಲ್ ಯೇನಾದ ಪ್ರಾಧ್ಯಾಪಕರಾಗಿದ್ದರು. ಮನುಷ್ಯರನ್ನು ಬೇರೆ ಬೇರೆ ಪ್ರಭೇದಗಳಾಗಿ ಒಡೆದು, ಯುರೋಪಿನವರನ್ನು ಮೇಲಿಟ್ಟವರೂ ಅವರೇ. ಅವರು ತೀರಿಕೊಂಡು ನೂರು ವರ್ಷವಾದ 2019ರಲ್ಲಿ ಇಲ್ಲಿ ಸೇರಿದ್ದ ಪ್ರಾಣಿಶಾಸ್ತ್ರಜ್ಞರು ‘ಯೇನಾ ಘೋಷಣೆ’ಯನ್ನು ಹೊರಡಿಸಿದರು. ಜನಾಂಗದ್ವೇಷದಿಂದಲೇ ಜನಾಂಗವೆಂಬ ಕಲ್ಪನೆ ಹುಟ್ಟಿತೇ ಹೊರತು ಅದರಿಂದ ಇದಲ್ಲ ಎಂಬುದು ಅದರ ತಿರುಳು. ಜನಾಂಗಕ್ಕೆ ಜರ್ಮನಿನಲ್ಲಿರುವ ‘ರಾಸ್ಸೆ’ ನಾಯಿ, ಕುದುರೆಗಳ ತಳಿಗೂ ಬಳಸುವ ಪದ. ನಮ್ಮ ‘ಜನಾಂಗ’ವಾದರೋ ಜಾತಿಯಿಂದ ಬುಡಕಟ್ಟಿನವರೆಗೆ ಯಾವುದಕ್ಕೆ ಬೇಕಾದರೂ ಒಗ್ಗುತ್ತದೆ. ಅದೇ ಕಾರಣಕ್ಕೆ ನಮ್ಮಲ್ಲಿ ಈ ಚರ್ಚೆ ಬೇಗ ಜಾರಿಹೋಗುತ್ತದೆಂದು ನನಗೆ ಅನಿಸುವುದುಂಟು.

ನಿಮ್ಮ ಸೋದರಮಾವನ ಮಾತಿನಲ್ಲಿ ನನ್ನನ್ನು ಚುಚ್ಚಿದ್ದು ‘ಬೇರೆ ಕಪ್ಪು ಜನ’ ಎಂಬ ಭಾಗ. ನಾನು ಹುಟ್ಟಿದ್ದು ಯಲ್ಲಾಪುರದ ಕಡೆಯ ಹಳ್ಳಿಯಲ್ಲಿ. ನಮ್ಮ ತೋಟಕ್ಕೆ ಅಡಿಕೆ ಕೊಯ್ಲಿಗೆ ಬರುತ್ತಿದ್ದ ಸಿದ್ದಿಯವರು ಮಜ್ಜಿಗೆ ಕೇಳಿದರೆ, ಅಜ್ಜಿ ಲೋಟ ಕೊಡದೆ ಮೇಲಿನಿಂದ ಅವರ ಬೊಗಸೆಗೆ ಹುಯ್ಯುತ್ತಿದ್ದಳು. ನನ್ನ ತರಗತಿಯ ಸಿದ್ದಿ ಹುಡುಗನ ಗುಂಗುರು ಕೂದಲನ್ನು ಎಳೆದು ನೋಡಿ ನಗುವುದು ನಮಗೆಲ್ಲ ಆಟವಾಗಿತ್ತು. ಅವನು ನಮಗಿಂತ ಚೆನ್ನಾಗಿ ಕನ್ನಡವನ್ನೂ ಕೊಂಕಣಿಯನ್ನೂ ಆಡುತ್ತಿದ್ದ. ಅವನ ಪೂರ್ವಜರು ಕೆಲವು ನೂರು ವರ್ಷಗಳ ಹಿಂದೆ ಗುಲಾಮರಾಗಿ ಹಡಗಿನಲ್ಲಿ ಬಂದರು, ನಮ್ಮವರು ಹತ್ತಾರು ಸಾವಿರ ವರ್ಷಗಳ ಹಿಂದೆ ಅದೇ ಆಫ್ರಿಕಾದಿಂದ ನಡೆದುಕೊಂಡು ಬಂದರು ಎಂದು ನಮಗೆ ಯಾರೂ ಹೇಳಿರಲಿಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಟ್ರಾಮಿನಲ್ಲಿ ಒಬ್ಬ ಮುದುಕ ನನ್ನನ್ನು ಬೈದ ದಿನ ನನಗೆ ನೆನಪಾದದ್ದು ಆ ಬೊಗಸೆ.

ದೇಶದ ವಿಷಯಕ್ಕೂ ಒಂದು ಮಾತು. 1913ರ ಕಾನೂನಿನ ಪ್ರಕಾರ ಜರ್ಮನ್ ಪೌರತ್ವ ರಕ್ತಸಂಬಂಧದಿಂದ ಬರುತ್ತಿತ್ತು; 2000ದಿಂದ, ತಂದೆ ಅಥವಾ ತಾಯಿ ಇಲ್ಲಿ ನಿಗದಿತ ವರ್ಷ ನೆಲೆಸಿದ್ದರೆ, ಇಲ್ಲಿ ಹುಟ್ಟಿದ ಮಕ್ಕಳಿಗೂ ಸಿಗುತ್ತದೆ. ನನ್ನ ಮಗಳು ಹಾಗೆ ಜರ್ಮನ್ ಪ್ರಜೆ, ನಾನು ಇನ್ನೂ ಭಾರತದ ಪಾಸ್‌ಪೋರ್ಟಿನವನು. ಅವಳ ಅಜ್ಜ ಅಜ್ಜಿಯರು ಯಾರೂ ಬದಲಾಗಲಿಲ್ಲ, ಕಾನೂನು ಬದಲಾಯಿತು, ಅಷ್ಟೇ.

ಆದ್ದರಿಂದ ಎಲ್ಲಿಯವರೆಂದು ಕೇಳಿದರೆ ಹುಬ್ಬಳ್ಳಿಯವನೆಂದು ಹೇಳಿ, ಪೂರ್ವಜರ ತಂಟೆಗೆ ಹೋಗಬೇಡಿ. ಟ್ರಾಮಿನಲ್ಲಿ ಕುಡಿದವರು ಕೆಣಕಿದರೆ ವಾದಕ್ಕೆ ನಿಲ್ಲದೆ ಚಾಲಕನ ಹತ್ತಿರಕ್ಕೆ ಹೋಗಿ. ಪೊಲೀಸರ ಸಂಖ್ಯೆ 110. ಬಂದ ಮೇಲೆ ಒಂದು ಶನಿವಾರ ರಾನಿಸ್‌ಗೆ ಹೋಗಿಬರೋಣ. ಬೆಟ್ಟದ ಮೇಲೆ ಗಾಳಿ ಜೋರು. ದಪ್ಪ ಜಾಕೆಟನ್ನು ಇಲ್ಲಿಯೇ ಕೊಳ್ಳಿ, ಹುಬ್ಬಳ್ಳಿಯಿಂದ ತಂದದ್ದು ಸಾಲುವುದಿಲ್ಲ.