ಕರಪತ್ರ ಕಡಲೆಕಾಯಿ ಪೊಟ್ಟಣವಾದದ್ದು ಯಾಕೆ?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮದು ತುಮಕೂರು ಜಿಲ್ಲೆಯ ಸಣ್ಣ ಪಟ್ಟಣ. ನಲ್ಲಿಯಲ್ಲಿ ನೀರು ಬರೋದು ಒಂಬತ್ತು ದಿನಕ್ಕೊಮ್ಮೆ. ಹನ್ನೊಂದು ಜನ ಸೇರಿ ಹೋರಾಟ ಸಮಿತಿ ಮಾಡಿದೆವು. ಧರಣಿಗೆ ಕರೆಯಲು ನಾಲ್ಕು ಬಣ್ಣದಲ್ಲಿ 2,000 ಕರಪತ್ರ ಹಾಕಿಸಿ ಮನೆಮನೆಗೆ ಹಂಚಿದೆವು. ಬಂದವರು 23 ಜನ. ಆ ವಾರದ ಸಂತೆಯಲ್ಲಿ ನಮ್ಮ ಕರಪತ್ರದಲ್ಲೇ ಕಡಲೆಕಾಯಿ ಕಟ್ಟಿಕೊಟ್ಟರು! ಒಂದು ಪ್ರತಿ ಕಳಿಸಿದ್ದೇನೆ. ತಪ್ಪೆಲ್ಲಿದೆ?
(ಹೆಸರು ಬೇಡ)

ಉತ್ತರ: ಪ್ರತಿ ಬಂತು. ಏನೂ ಹೇಳದೆ ಅದನ್ನು ನಮ್ಮ ಮನೆಗೆ ಹಾಲು ಹಾಕುವ ಅಕ್ಕನ ಕೈಗೆ ಕೊಟ್ಟೆ. ಮೇಲಿಂದ ಕೆಳಗೆ ಒಂದು ಸಲ ನೋಡಿ, "ಯಾರ ಬರ್ತ್‌ಡೇ ಸಾರ್ ಇದು?" ಅಂದರು.

ಅವರದ್ದೇನೂ ತಪ್ಪಿಲ್ಲ. ಮೇಲೆ ಸಾಲಾಗಿ ಹನ್ನೊಂದು ಪದಾಧಿಕಾರಿಗಳ ನಗುಮುಖ. ಅದರ ಕೆಳಗೆ ಕೆಂಪಕ್ಷರದಲ್ಲಿ ಸಮಿತಿಯ ಹೆಸರು. ಆಮೇಲೆ "ಆತ್ಮೀಯ ನಾಗರಿಕ ಬಂಧುಗಳೇ" ಅಂತ ಶುರುವಾಗಿ ಪಾಳೇಗಾರರ ಕಾಲದ ಊರಿನ ವೈಭವ. 'ನೀರು' ಅನ್ನುವ ಪದ ಸಿಕ್ಕಿದ್ದು ಒಂಬತ್ತನೇ ಸಾಲಿನಲ್ಲಿ. ನಿಮ್ಮೂರ ನಲ್ಲಿಯ ಹಾಗೇ ಆಯ್ತು, ಅಲ್ವಾ? ಧರಣಿಯ ದಿನ ಮತ್ತು ಹೊತ್ತು ಕಟ್ಟಕಡೆಗೆ, ಪುಟ್ಟ ಅಕ್ಷರದಲ್ಲಿ.

ನಾನು ಟ್ರೆಡಲ್ ಮಿಷನ್, ಅಂದರೆ ಕಾಲಲ್ಲಿ ತುಳಿದು ಅಚ್ಚು ಹಾಕುವ ಯಂತ್ರ, ತುಳಿದವನು. ಒಂದೊಂದೇ ಅಕ್ಷರದ ಅಚ್ಚುಮೊಳೆ ಆರಿಸಿ ಜೋಡಿಸುತ್ತಿದ್ದ ಕಾಲದಲ್ಲಿ ಬರೆದುಕೊಂಡು ಬಂದವರನ್ನು ಬೈದು ಅರ್ಧ ಹೊಡೆದುಹಾಕಿಸುತ್ತಿದ್ದೆವು. ಈಗ ಕಂಪ್ಯೂಟರಿನಲ್ಲಿ ಅಕ್ಷರ ಪುಕ್ಕಟೆ. ಅದಕ್ಕೇ ಈ ಗತಿ.

ಫೋಟೋಗಳನ್ನೆಲ್ಲ ತೆಗೆಯಿರಿ. ನಾಲ್ಕು ಜನ ಮುನಿಸಿಕೊಳ್ಳುತ್ತಾರೆ, ಪರವಾಗಿಲ್ಲ. ಆ ಜಾಗದಲ್ಲಿ ದೊಡ್ಡದಾಗಿ ಒಂದೇ ಸಾಲು ಹಾಕಿ: "ನಿಮ್ಮ ಮನೆಗೆ ನೀರು ಬಂದು ಎಷ್ಟು ದಿನ ಆಯ್ತು?" ಅದರ ಕೆಳಗೆ, ಸ್ವಲ್ಪ ಚಿಕ್ಕದಾಗಿ: "ಸೋಮವಾರ ಬೆಳಿಗ್ಗೆ 10ಕ್ಕೆ ಪುರಸಭೆ ಮುಂದೆ ಸೇರೋಣ. ಖಾಲಿ ಕೊಡ ತನ್ನಿ." ಆಮೇಲೆ ಒಂದು ಫೋನ್ ನಂಬರ್. ಮುಂಭಾಗಕ್ಕೆ ಇಷ್ಟು ಸಾಕು. 'ಕೊಡ ತನ್ನಿ' ಅಂದಾಗ ಬರುವವರಿಗೂ ಒಂದು ಕೆಲಸ ಸಿಗುತ್ತದೆ. ಸುಮ್ನೆ ಭಾಷಣ ಕೇಳಲು ಯಾರು ಬರುತ್ತಾರೆ?

ಹಿಂಭಾಗ ಖಾಲಿ ಬಿಟ್ಟಿದ್ದೀರಿ. ನನಗೆ ಹೊಟ್ಟೆ ಉರಿದದ್ದು ಅಲ್ಲೇ. ಅಲ್ಲಿ ಮುಂದಿನ ತಿಂಗಳ ದಿನಗಳ ಚೌಕಗಳನ್ನು ಹಾಕಿ. ನೀರು ಬಂದ ದಿನ ಮನೆಯವರು ಒಂದು ಗುರುತು ಹಾಕಲಿ, ಎಷ್ಟು ಹೊತ್ತು ಬಂತು ಅಂತ ಬರೆಯಲಿ. ಆ ಹಾಳೆ ಅಡುಗೆಮನೆಯ ಕ್ಯಾಲೆಂಡರ್ ಪಕ್ಕದ ಮೊಳೆಗೆ ಸಿಕ್ಕಿಕೊಳ್ಳುತ್ತದೆ, ಸಂತೆಗೆ ಹೋಗುವುದಿಲ್ಲ. ತಿಂಗಳಾದ ಮೇಲೆ ಇನ್ನೂರು ಮನೆಯ ಹಾಳೆ ವಾಪಸ್ ಬಂದರೂ ನಿಮ್ಮ ಮನವಿಗೆ ಅದಕ್ಕಿಂತ ದಾಖಲೆ ಬೇಕಾ? ಜೊತೆಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ನಿಮ್ಮ ವಾರ್ಡಿಗೆ ನೀರು ಬಿಟ್ಟ ದಿನಗಳ ಪಟ್ಟಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅವರ ಪಟ್ಟಿ, ನಿಮ್ಮ ಪಟ್ಟಿ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿದರೆ ಅದೇ ನಿಮ್ಮ ಎರಡನೇ ಕರಪತ್ರ.

ಇನ್ನೊಂದು ಮಾತು. ಎಲ್ಲ ತುರುಕಲು ಹೋಗಿ ಸಾಲುಗಳ ನಡುವಿನ ಜಾಗವನ್ನು ಹಿಂಡಿದ್ದೀರಿ. ಇಂಗ್ಲಿಷಿಗೆ ಅದು ನಡೆಯುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ನಿಮ್ಮ 'ಒಟ್ಟಾಗಿ'ಯ ಟ-ಒತ್ತು ಕೆಳಸಾಲಿನ 'ನೀರಿಗಾಗಿ'ಯ ತಲೆ ಮೇಲೆ ಕೂತಿದೆ. ಅಕ್ಷರ 14 ಪಾಯಿಂಟ್ ಇದ್ದರೆ ಸಾಲಿನಿಂದ ಸಾಲಿಗೆ 20 ಪಾಯಿಂಟ್ ಆದರೂ ಇರಲಿ. ಎಲ್ಲವನ್ನೂ ಬೋಲ್ಡ್ ಮಾಡಬೇಡಿ, ಅಗ್ಗದ ಕಾಗದದಲ್ಲಿ ಇಂಕು ಹರಡಿ ಭ, ಥ, ಧಗಳ ಹೊಟ್ಟೆ ತುಂಬಿಹೋಗುತ್ತದೆ. ನಾಲ್ಕು ಬಣ್ಣವೂ ಬೇಡ. ಹಳದಿ ಕಾಗದ, ಕಪ್ಪು ಇಂಕು, ಡೆಮಿ 1/8 ಸೈಜು (ಸಾಮಾನ್ಯ ಪುಸ್ತಕದ ಪುಟದಷ್ಟು). ಉಳಿದ ದುಡ್ಡಿನಲ್ಲಿ ಧರಣಿಗೆ ಬಂದವರಿಗೆ ಟೀ ಕೊಡಿಸಿ.

ಪ್ರಶ್ನೆ: 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಕರಪತ್ರ ಪ್ರೆಸ್ಸಿನಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಏನು ಮಾಡಲಿ?
(ಓದುಗಿ, ಶಿವಮೊಗ್ಗ)

ಉತ್ತರ: ಹಳೆಯ ನುಡಿ, ಬರಹ ಫಾಂಟುಗಳು ಆ ಕಂಪ್ಯೂಟರಿನಲ್ಲೂ ಇದ್ದರೆ ಮಾತ್ರ ಸರಿ ಕಾಣುತ್ತವೆ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕೊಟ್ಟರೆ ಡಿಸೈನ್ ಮಾಡುವ ಕೆಲವು ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತು ಕೂಡುವುದಿಲ್ಲ. ಫಾಂಟ್ ಸೇರಿಸಿದ ಪಿಡಿಎಫ್ ಮಾಡಿ ಕೊಡಿ. ಆದರೂ ಒಂದು ಪ್ರತಿ ಕಾಗದದ ಮೇಲೆ ತೆಗೆದು ಜೋರಾಗಿ ಓದಿ. ಒಮ್ಮೆ ನಾನೇ ಮಾಡಿಕೊಟ್ಟ 1,000 ಕರಪತ್ರದಲ್ಲಿ 'ಹಕ್ಕುಪತ್ರ' ಹೋಗಿ 'ಹಕುಪತ್ರ' ಆಗಿತ್ತು. ಪರದೆಯಲ್ಲಿ ನೋಡಿ ಸರಿಯಿದೆ ಅಂದುಕೊಂಡಿದ್ದೆ. ಐದು ಜನ ರಾತ್ರಿ ಹನ್ನೊಂದರವರೆಗೆ ಕೂತು ಒಂದೊಂದಕ್ಕೂ ಪೆನ್ನಿನಲ್ಲಿ ಕ-ಒತ್ತು ಕೊಟ್ಟೆವು. ತಾರೀಖು ಮತ್ತು ವಾರ ಹೊಂದುತ್ತವಾ ಅನ್ನುವುದನ್ನೂ ಕ್ಯಾಲೆಂಡರ್ ಹಿಡಿದು ನೋಡಿ.

ಪ್ರಶ್ನೆ: ವಿಧಾನಸಭೆ ಚುನಾವಣೆ ಹೊತ್ತಿಗೆ ಒಬ್ಬ ಅಭ್ಯರ್ಥಿಯನ್ನು ಸೋಲಿಸಿ ಅಂತ ಕರಪತ್ರ ಹಂಚಬೇಕು ಅಂತಿದ್ದೇವೆ. ಪ್ರೆಸ್ಸಿನ ಹೆಸರು ಹಾಕಲೇಬೇಕಾ? ಜೆರಾಕ್ಸ್ ಮಾಡಿಸಿದರೆ?
(ಯುವಕರ ಗುಂಪು, ಹಾವೇರಿ ಜಿಲ್ಲೆ)

ಉತ್ತರ: ಹಾಕಲೇಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಮುದ್ರಿಸಿದವರ ಮತ್ತು ಪ್ರಕಟಿಸಿದವರ ಹೆಸರು, ವಿಳಾಸ ಕರಪತ್ರದ ಮೇಲೆ ಇರಬೇಕು. ಪ್ರಕಟಿಸುವವರು ತಾವು ಯಾರು ಅನ್ನುವುದನ್ನು ಬರೆದು ಸಹಿ ಹಾಕಿ, ತಮ್ಮನ್ನು ಖುದ್ದಾಗಿ ಬಲ್ಲ ಇಬ್ಬರಿಂದ ದೃಢೀಕರಣ ಮಾಡಿಸಿ, ಎರಡು ಪ್ರತಿಯನ್ನು ಪ್ರೆಸ್ಸಿಗೆ ಕೊಡಬೇಕು. ಪ್ರೆಸ್ಸಿನವರು ಅದರಲ್ಲೊಂದನ್ನು ಕರಪತ್ರದ ಜೊತೆ ಜಿಲ್ಲಾಧಿಕಾರಿಗೆ ಕಳಿಸಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜೆರಾಕ್ಸ್ ಮಾಡಿಸಿ ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚಿದೆ: ಕೈಯಲ್ಲಿ ಬರೆದು ನಕಲು ಮಾಡಿದ್ದನ್ನು ಬಿಟ್ಟು, ಪ್ರತಿ ತೆಗೆಯುವ ಬೇರೆ ಎಲ್ಲ ವಿಧಾನವೂ ಕಾನೂನಿನ ಕಣ್ಣಿಗೆ ಮುದ್ರಣವೇ. ನನ್ನನ್ನು ಕೇಳಿದರೆ, ಕಾನೂನು ಇಲ್ಲದಿದ್ದರೂ ಹೆಸರು ಹಾಕಿ. ಹೆಸರಿಲ್ಲದ ಕರಪತ್ರ ಕೈಗೆ ಬಂದರೆ ನಾನಂತೂ ತಿರುಗಿಸಿ ನೋಡಿ ಬಿಸಾಡುತ್ತೇನೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ? ವಾಟ್ಸಾಪ್ ಸಾಕಲ್ವಾ?
(ಓದುಗ, ಮಂಡ್ಯ)

ಉತ್ತರ: ಸಾಕು ಅನ್ನುವವರು ಈ ಪ್ರಶ್ನೆಯನ್ನು ಅಂಚೆ ಕಾರ್ಡಿನಲ್ಲಿ ಯಾಕೆ ಬರೆದಿರಿ?