ಪ್ರತಿಕ್ರಿಯೆ: ಉಡುಪಿಯಲ್ಲಿ ಕನಕನ ಕಿಂಡಿಯಿಂದ ಕೃಷ್ಣ ಸರಿಯಾಗಿ ಕಾಣಲಿಲ್ಲ, ಯಾಕೆ?
ನೀವು ಕನಕನ ಕಿಂಡಿಯಲ್ಲಿ ಇಣುಕಿ ಅಲ್ಲಿಂದಲೇ ವಾಪಸ್ ಬಂದಿದ್ದೀರಿ ಅನ್ಸುತ್ತೆ. ಅದು ಹೊರಗೋಡೆಯ ಕಿಂಡಿ. ಹತ್ತಿರದ ದರ್ಶನ ಒಳಗಿನ ನವಗ್ರಹ ಕಿಂಡಿಯಲ್ಲಿ. ಬೆಳ್ಳಿ ಹೊದಿಸಿದ್ದಾರೆ, ಒಂಬತ್ತು ತೂತು ಇವೆ.

ಈ ಸಲ ರಥಬೀದಿಯಲ್ಲಿ ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ ದೇವಸ್ಥಾನ ನೋಡಿ, ಕೊನೆಗೆ ಕೃಷ್ಣ ಮಠಕ್ಕೆ ಹೋಗಿ, ವಾಡಿಕೆ ಹಾಗೇ. ಒಳಗೆ ಹೋಗಲು ಗಂಡಸರು ಅಂಗಿ, ಬನಿಯನ್ ತೆಗೆಯಬೇಕು. ಸರದಿ ಬಂದಾಗ ಸುಮ್ನೆ ದೂರ ನಿಂತು ನೋಡಬೇಡಿ. ಸ್ವಲ್ಪ ಬಗ್ಗಿ, ಒಂದು ತೂತಿಗೆ ಕಣ್ಣು ಹತ್ತಿರ ತಂದು ಎರಡು ಕ್ಷಣ ತಡೆಯಿರಿ. ದೀಪದ ಬೆಳಕಿಗೆ ಕಣ್ಣು ಹೊಂದಿಕೊಂಡ ಮೇಲೆ ಕಡಗೋಲು ಹಿಡಿದ ಕೈ ಕಾಣುತ್ತದೆ. ಅಲಂಕಾರ ಜಾಸ್ತಿ ಇದ್ದರೆ ಅದು ಮುಚ್ಚಿಹೋಗಿರಲೂಬಹುದು.

ಶನಿವಾರ, ಭಾನುವಾರ ಬಿಟ್ಟು ಬೆಳಿಗ್ಗೆ ಬೇಗ ಹೋಗಿ. ಹಿಂದಿನವರು ತಳ್ಳುವುದು ಕಡಿಮೆ.