ಬೀಗ ಎರಡಿವೆ, ಮೊದಲು ಅಕ್ಷರದ್ದು ತೆಗೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೋಳಿನವು. ಬರೆದದ್ದನ್ನು ಇನ್ನೊಬ್ಬರಿಗೆ ಯಾವ ಫೈಲಾಗಿ ಕಳಿಸಬೇಕು? ನಾನು ಡಿಟಿಪಿ ಅಂಗಡಿಯವಳು. ಬೇರೆಯವರ ಫೈಲು ತೆರೆಯುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಉತ್ತರದಲ್ಲಿ ಅಲ್ಲಲ್ಲಿ ಸಿಟ್ಟು ಇಣುಕಿದರೆ ಬೇಸರ ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಮ್ಮೂರಿನ ಕೆರೆ, ಗುಡಿ, ಹಳೆ ಮನೆತನಗಳ ಬಗ್ಗೆ 2003ರಿಂದ ಬರೆಯುತ್ತಾ ಬಂದಿದ್ದೇನೆ. ಎಲ್ಲವೂ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು. ಅಮೆರಿಕದಲ್ಲಿರುವ ಮಗಳಿಗೆ ಕಳಿಸಿದರೆ ಅವಳ ಫೋನಿನಲ್ಲಿ ಬರೀ ವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತದಂತೆ. ಪಿಡಿಎಫ್ ಮಾಡಿ ಕಳಿಸಿದರೆ ಸಾಕೇ?
– ನಿವೃತ್ತ ಶಿಕ್ಷಕರು, ಸಾಗರ

ಮಗಳು ಓದಲಿಕ್ಕೆ ಸಾಕು, ಮೇಷ್ಟ್ರೇ. ಪಿಡಿಎಫ್ ಮಾಡುವಾಗ ಫಾಂಟು ಅದರೊಳಗೇ ಸೇರಿಕೊಳ್ಳುತ್ತದೆ. ಅವರ ಫೋನಿನಲ್ಲಿ ನುಡಿ ಇಲ್ಲದಿದ್ದರೂ ಪುಟ ಸರಿಯಾಗಿಯೇ ಕಾಣುತ್ತದೆ. ಆದರೆ ಇಷ್ಟು ವರ್ಷದ ಬರಹ ಉಳಿಯಬೇಕು ಅಂದರೆ ಅಷ್ಟು ಸಾಲದು.

ನಿಮ್ಮ ಫೈಲಿನಲ್ಲಿ ನಿಜಕ್ಕೂ ಕನ್ನಡ ಇಲ್ಲ. ಹಳೆ ನುಡಿ ಫಾಂಟುಗಳಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಕಂಪ್ಯೂಟರ್ ಬರೆದುಕೊಳ್ಳುವುದು ಹೀಗೆ: ಒಂದು ಪಿ, ತಲೆಯ ಮೇಲೆ ಗೀಟಿರುವ ಒಂದು ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರು ಬಳಸುವ ಒಂದು ಎಸ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಮ್ಮೆ ಎ. ಆ ಗುರುತುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ತೋರಿಸುವುದು ಫಾಂಟಿನ ಕೆಲಸ. ಫಾಂಟು ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಮಗಳಿಗೆ ಕಂಡದ್ದು ಅದೇ. ‘ಬರಹ’ ತಂತ್ರಾಂಶದ ಹಳೆ ಫಾಂಟುಗಳದ್ದೂ ಇದೇ ಲೆಕ್ಕ. ‘ಶ್ರೀಲಿಪಿ’ ಎಂಬ ಮತ್ತೊಂದು ತಂತ್ರಾಂಶದ್ದು ಇನ್ನೊಂದು ಲೆಕ್ಕ.

ಲೋಕದ ಲಿಪಿಗಳಿಗೆಲ್ಲ ಒಂದೇ ಸಂಖ್ಯೆಪಟ್ಟಿಯಾದ ಯೂನಿಕೋಡಿನಲ್ಲಿ ಹಾಗಿಲ್ಲ. ಅಲ್ಲಿ ಕ ಎಂಬುದಕ್ಕೆ ಅದರದ್ದೇ ಸಂಖ್ಯೆ ಇದೆ. ಯಾವ ಫಾಂಟು ಹಾಕಿದರೂ, ಯಾವ ದೇಶದಲ್ಲಿ ತೆರೆದರೂ ಅದು ಕ. ಕನ್ನಡಕ್ಕೆ ಆ ಜಾಗ 1991ರಲ್ಲೇ ಸಿಕ್ಕಿತ್ತು. ಆದರೂ ನಾವೆಲ್ಲ ಹಳೆಯದಕ್ಕೇ ಯಾಕೆ ಅಂಟಿಕೊಂಡೆವು ಅಂದರೆ, ಮುದ್ರಣದವರ ಕೈಯಲ್ಲಿದ್ದದ್ದು ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಗೊತ್ತೇ ಇರಲಿಲ್ಲ.

ಯಾರು ಬೇಕಾದರೂ ತಂತ್ರಾಂಶ ಬರೆದು ತೆರೆಯಬಹುದಾದ ಮುಕ್ತ ಫೈಲು, ಒಂದೇ ಕಂಪನಿಯ ಹಿಡಿತದ ಫೈಲು ಅಂತ ಎಲ್ಲರೂ ವಾದ ಮಾಡುತ್ತಾರೆ. ಕನ್ನಡದವರಿಗೆ ಅದು ಎರಡನೇ ಬೀಗ. ಮೊದಲನೆಯದು ಅಕ್ಷರದ್ದು. ನೀವು ಈ ಫೈಲುಗಳನ್ನು ಇವತ್ತೇ ಅತ್ಯಂತ ಮುಕ್ತವಾದ ಓಡಿಟಿ ಎಂಬ ಬಗೆಯ ಫೈಲಿಗೆ ಬದಲಿಸಿದರೂ ಒಳಗಿರುವುದು ಪಿ ಮತ್ತು ಪೌಂಡ್ ಗುರುತೇ.

ಆದ್ದರಿಂದ ಮೊದಲು ಯೂನಿಕೋಡಿಗೆ ಬದಲಿಸಿ. ಇದಕ್ಕೆ ಉಚಿತ ಪರಿವರ್ತಕಗಳು ಬೇಕಾದಷ್ಟಿವೆ. ಬದಲಿಸಿದ ಮೇಲೆ ಎರಡು ಕಡೆ ಕಣ್ಣಿಡಿ. ನಡುವೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಎಂದುಕೊಂಡು ಕಲಸುಮೇಲೋಗರ ಮಾಡುತ್ತದೆ. ಎರಡನೆಯದು ಅರ್ಕಾವತ್ತು. ಸೂರ್ಯ, ಕಾರ್ತಿಕ, ಧರ್ಮಶಾಲೆ ಇಂಥ ಪದಗಳನ್ನು ಹುಡುಕಿ ನೋಡಿ. ಊರಿನ ಇತಿಹಾಸದಲ್ಲಿ ಹೆಸರುಗಳೇ ಜಾಸ್ತಿ ಅಲ್ವಾ, ಒಂದು ರೇಫ ಜಾರಿದರೆ ಮನೆತನವೇ ಬದಲಾದೀತು. ಹಳೆ ಫೈಲುಗಳನ್ನು ಮಾತ್ರ ಅಳಿಸಬೇಡಿ. ಹೋಲಿಸಿ ನೋಡಲು ಬೇಕಾಗುತ್ತವೆ.

ಆಮೇಲೆ ಎರಡು ಪ್ರತಿ ಇಡಿ: ತಿದ್ದಲಿಕ್ಕೆ ಓಡಿಟಿ, ಓದಲಿಕ್ಕೆ ಪಿಡಿಎಫ್. ಬರೀ ಪಿಡಿಎಫ್ ಇಟ್ಟುಕೊಂಡು ನಿಶ್ಚಿಂತರಾಗಬೇಡಿ. ಅದರಲ್ಲಿರುವ ಕನ್ನಡವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ಒತ್ತಕ್ಷರಗಳು ಎಷ್ಟೋ ಸಲ ಚೆಲ್ಲಾಪಿಲ್ಲಿ. ಯೂನಿಕೋಡಿನಿಂದ ಮಾಡಿದ ಪಿಡಿಎಫ್‌ಗೂ ಈ ಕಾಯಿಲೆ ಇದೆ. ಪುಟ ಹೇಗೆ ಕಾಣಬೇಕು ಎಂಬುದು ಅದಕ್ಕೆ ಮುಖ್ಯ, ಅಕ್ಷರದ ಸರದಿ ಅಲ್ಲ. ವರ್ಡ್‌ನಂಥದ್ದೇ ಉಚಿತ ತಂತ್ರಾಂಶ ಲಿಬ್ರೆಆಫೀಸಿನಲ್ಲಿ ಪಿಡಿಎಫ್ ಮಾಡುವಾಗ ‘ಹೈಬ್ರಿಡ್ ಪಿಡಿಎಫ್’ ಎಂಬ ಆಯ್ಕೆ ಸಿಗುತ್ತದೆ. ಅದಕ್ಕೆ ಗುರುತು ಹಾಕಿದರೆ ಪಿಡಿಎಫ್‌ನ ಹೊಟ್ಟೆಯಲ್ಲೇ ತಿದ್ದಬಹುದಾದ ಮೂಲವೂ ಕೂರುತ್ತದೆ. ಮಗಳಿಗೆ ಅದನ್ನೇ ಕಳಿಸಿ.

ಪ್ರಶ್ನೆ: ನಾನು ನಮ್ಮ ಮಹಿಳಾ ಸಂಘದ ಕಾರ್ಯದರ್ಶಿ. ಲಿಬ್ರೆಆಫೀಸ್ ಬಳಸುತ್ತೇನೆ. ಓಡಿಟಿ ಕಳಿಸಿದರೆ ಖಜಾಂಚಿ ‘ಓಪನ್ನೇ ಆಗಲ್ಲ’ ಅಂತಾರೆ. ವರ್ಡ್‌ನ ಡಾಕ್ಸ್ ಫೈಲು ಕಳಿಸಿದರೆ ಟೇಬಲ್ಲು ಚದುರುತ್ತದೆ. ತಪ್ಪು ಯಾರದು?
– ತಿಪಟೂರು

ಖಜಾಂಚಿಯವರು ಫೋನಿನಲ್ಲಿ ತೆರೆಯುತ್ತಿದ್ದಾರೆ ಅನ್ನಿಸುತ್ತೆ. ಕಂಪ್ಯೂಟರಿನ ವರ್ಡ್ 2009ರಿಂದಲೇ ಓಡಿಟಿ ತೆರೆಯುತ್ತದೆ. ಒಮ್ಮೆ ಅಲ್ಲಿ ನೋಡಲು ಹೇಳಿ.

ಟೇಬಲ್ಲು ಚದುರುವುದಕ್ಕೆ ಬಹಳ ಸಲ ಕಾರಣ ಫಾಂಟು. ನಿಮ್ಮ ಫಾಂಟು ಅವರಲ್ಲಿ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಕನ್ನಡ ಫಾಂಟುಗಳ ಅಗಲ, ಎತ್ತರ ಒಂದರಂತೆ ಒಂದಿಲ್ಲ. ಸಾಲು ಮುರಿಯುತ್ತದೆ, ಪುಟ ಹಿಗ್ಗುತ್ತದೆ. ಇಬ್ಬರೂ ನೋಟೋ ಸಾನ್ಸ್ ಕನ್ನಡದಂಥ ಉಚಿತ ಫಾಂಟು ಹಾಕಿಕೊಳ್ಳಿ, ಅರ್ಧ ಜಗಳ ಮುಗಿಯಿತು. ಇನ್ನರ್ಧ, ಕ್ಷಮಿಸಿ, ಸ್ಪೇಸ್ ಬಾರ್‌ನದ್ದು. ಹೆಸರು ಒಂದು ಕಡೆ, ಹಣ ಇನ್ನೊಂದು ಕಡೆ ಬರಲಿ ಎಂದು ಸ್ಪೇಸ್ ಒತ್ತುತ್ತಾ ಹೋಗುವವರನ್ನು ದಿನಾ ನೋಡುತ್ತೇನೆ. ಆ ಜೋಡಣೆ ಯಾವ ಫೈಲಿನಲ್ಲೂ ನಿಲ್ಲುವುದಿಲ್ಲ. ಟ್ಯಾಬ್ ಕೀಲಿ ಅದಕ್ಕೇ ಇರುವುದು. ಸಭೆ ಒಪ್ಪಿದ ನಡವಳಿಯನ್ನಂತೂ ಪಿಡಿಎಫ್ ಮಾಡಿಯೇ ಹಂಚಿ. ಅದನ್ನು ಯಾರೂ ತಿದ್ದಬೇಕಾಗಿಲ್ಲವಲ್ಲ.

ಪ್ರಶ್ನೆ: ಕೆಲಸದ ಅರ್ಜಿಗೆ ಬಯೋಡೇಟಾ ಡಾಕ್ಸ್‌ನಲ್ಲೋ ಪಿಡಿಎಫ್‌ನಲ್ಲೋ?
– ಬಳ್ಳಾರಿ

ಅವರು ಕೇಳಿದ್ದರಲ್ಲಿ. ಏನೂ ಹೇಳಿಲ್ಲದಿದ್ದರೆ ಪಿಡಿಎಫ್.

ಪ್ರಶ್ನೆ: ಡಾಕ್ಸ್ ಕೂಡ ಐಎಸ್‌ಒ ಮಾನದಂಡ ಎಂದು ಓದಿದೆ. ಹಾಗಾದರೆ ಅದೂ ಮುಕ್ತವೇ ತಾನೇ? ಓಡಿಟಿಯವರದ್ದು ಸುಮ್ನೆ ಹಟ ಅಲ್ವಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಪೂರ್ತಿ ಹಟ ಅಲ್ಲ. ಓಡಿಟಿಯ ಹಿಂದಿರುವ ಓಡಿಎಫ್ ಎಂಬ ಮಾನದಂಡಕ್ಕೆ 2006ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒದ ಒಪ್ಪಿಗೆ ಸಿಕ್ಕಿತು. ಡಾಕ್ಸ್‌ನ ಹಿಂದಿರುವ, ಮೈಕ್ರೋಸಾಫ್ಟ್ ತಂದ ಓಓಎಕ್ಸ್‌ಎಂಎಲ್‌ಗೆ ಸಿಕ್ಕಿದ್ದು 2008ರಲ್ಲಿ, ಅದೂ ದೊಡ್ಡ ಜಟಾಪಟಿಯ ನಂತರ. ನಮ್ಮ ಭಾರತೀಯ ಮಾನಕ ಬ್ಯೂರೋ ಬೇಡ ಎಂದೇ ಮತ ಹಾಕಿತ್ತು. ಒಪ್ಪಿಗೆಯಾದ ಮೇಲೂ ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾ ಮೇಲ್ಮನವಿ ಸಲ್ಲಿಸಿದವು. ಅದು ಬಿದ್ದುಹೋಯಿತು. ಓಡಿಎಫ್‌ನ ಮೊದಲ ವಿವರಣೆ ಸುಮಾರು 700 ಪುಟ, ಓಓಎಕ್ಸ್‌ಎಂಎಲ್‌ನದ್ದು 6,000ಕ್ಕೂ ಜಾಸ್ತಿ. ಅಷ್ಟನ್ನು ಓದಿ ಇನ್ನೊಬ್ಬರು ತಂತ್ರಾಂಶ ಬರೆಯುವುದು ಎಷ್ಟು ಕಷ್ಟ, ಯೋಚಿಸಿ. ಮೇಲಾಗಿ ಇದರಲ್ಲಿ ‘ಸ್ಟ್ರಿಕ್ಟ್’, ‘ಟ್ರಾನ್ಸಿಷನಲ್’ ಎಂದು ಎರಡು ಬಗೆ. ವರ್ಡ್ ಮಾಮೂಲಿಯಾಗಿ ಉಳಿಸುವುದು ಎರಡನೆಯದನ್ನು. ಹಳೆ ವರ್ಡ್‌ನ ಅಭ್ಯಾಸಗಳೆಲ್ಲ ಅದರಲ್ಲಿ ಮುಂದುವರಿದಿವೆ.

ಭಾರತ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಮಾನದಂಡಗಳ ನೀತಿ ತಂದದ್ದು 2010ರಲ್ಲಿ. ಬ್ರಿಟನ್ 2014ರಲ್ಲಿ ಇನ್ನೂ ಖಚಿತವಾಗಿ ಹೇಳಿತು: ಸರ್ಕಾರಿ ಕಡತ ತಿದ್ದಲು ಓಡಿಎಫ್, ಓದಲು ಪಿಡಿಎಫ್/ಎ (ಬಹುಕಾಲ ಉಳಿಸಲೆಂದೇ ಇರುವ ಪಿಡಿಎಫ್) ಅಥವಾ ಜಾಲಪುಟಗಳ ಎಚ್‌ಟಿಎಂಎಲ್. ಈ ಸ್ಪಷ್ಟತೆ ನನಗೆ ಇಷ್ಟ.

ಆದರೂ ಡಾಕ್ಸ್ ಅನ್ನು ವರ್ಡ್‌ನ ಹಳೆ ಡಾಕ್ ಫೈಲಿನ ಜೊತೆ ಒಂದೇ ತಕ್ಕಡಿಗೆ ಹಾಕಲಾರೆ. ನೀವೇ ಒಂದು ಡಾಕ್ಸ್ ಫೈಲಿನ ನಕಲು ತೆಗೆದುಕೊಂಡು ಹೆಸರಿನ ಕೊನೆಯಲ್ಲಿ ‘ಜಿಪ್’ ಎಂದು ಬದಲಿಸಿ, ಬಿಚ್ಚಿ. ಒಳಗೆ ಎಕ್ಸ್‌ಎಂಎಲ್ ಎಂಬ ಬರೀ ಪಠ್ಯದ ಕಡತಗಳು ಸಿಗುತ್ತವೆ. ಓಡಿಟಿಯಲ್ಲೂ ಹಾಗೇ. ನೋಟ್‌ಪ್ಯಾಡಿನಲ್ಲಿ ತೆರೆದರೆ ಗುರುತುಗಳ ನಡುವೆ ನಿಮ್ಮ ವಾಕ್ಯಗಳು ಕಾಣುತ್ತವೆ. ಯೂನಿಕೋಡಿನಲ್ಲಿ ಬರೆದಿದ್ದರೆ ಕನ್ನಡವಾಗಿ, ಹಳೆ ನುಡಿಯಲ್ಲಾದರೆ ಸಾಗರದ ಮೇಷ್ಟ್ರ ಮಗಳಿಗೆ ಕಂಡಂತೆ!

ಪ್ರಶ್ನೆ: ತಂದೆಯವರ ಪ್ರೆಸ್ಸಿನ ಹಳೆ ಪೇಜ್‌ಮೇಕರ್ ಫೈಲುಗಳಿವೆ. ತೆರೆಯುವ ದಾರಿ ಇದೆಯೇ?
– ಗದಗ

ಇದೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಆಮೇಲೆ ಅಡೋಬಿ ಅದನ್ನು ಕೈಬಿಟ್ಟಿತು. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನ ಸಿಎಸ್6ರವರೆಗಿನ ಆವೃತ್ತಿಗಳು ಅದನ್ನು ತೆರೆಯುತ್ತಿದ್ದವು, ಈಗಿನವು ತೆರೆಯುವುದಿಲ್ಲ. ಲಿಬ್ರೆಆಫೀಸಿನ ಚಿತ್ರ ಬಿಡಿಸುವ ಭಾಗವಾದ ‘ಡ್ರಾ’ ಪ್ರಯತ್ನಿಸಿ. ಅದು 2015ರಿಂದ ಈ ಫೈಲು ಓದುತ್ತಿದೆ. ಪುಟದ ಅಂದ ಪೂರ್ತಿ ಬರದಿದ್ದರೂ ಪಠ್ಯ ಕೈಗೆ ಸಿಗುತ್ತದೆ. ಯಾವ ಫಾಂಟಿನ ಹೆಸರು ತೋರಿಸುತ್ತದೆಯೋ ಅದನ್ನು ಬರೆದಿಟ್ಟುಕೊಳ್ಳಿ. ಶ್ರೀಲಿಪಿಯದ್ದಾದರೆ ಶ್ರೀಲಿಪಿಯ ಪರಿವರ್ತಕವೇ ಬೇಕು, ನುಡಿಯದ್ದು ಹಾಕಿದರೆ ಇನ್ನೂ ಕೆಡುತ್ತದೆ. ತಂದೆಯವರ ಹಳೆ ಕಂಪ್ಯೂಟರ್ ಇನ್ನೂ ಚಾಲೂ ಆಗುತ್ತಿದ್ದರೆ ಅದರ ಫಾಂಟು ಫೋಲ್ಡರನ್ನು ಪೂರ್ತಿ ನಕಲು ಮಾಡಿಕೊಳ್ಳಿ. ಗುಜರಿಯವನು ಬರುವ ಮೊದಲೇ.